ಸಹಿ ಒಣಗುವ ತನಕ

ಈಶ್ವರ ಸರ್ ಸಹಿ ಹಾಕಿದ ಮೇಲೆ ಕಾಗದವನ್ನು ತುಟಿಯ ಹತ್ತಿರ ಹಿಡಿದು ಊದುತ್ತಿದ್ದರು. ಬಾಲ್ ಪೆನ್ನಿನ ಸಹಿಗೆ ಊದುವುದು ಯಾಕೆ ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಊದಿ, ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಒತ್ತಿ ನಮ್ಮ ಮುಖ ನೋಡುತ್ತಿದ್ದರು. ಆ ಕೈ ಎದ್ದರೆ ನಮಗೆ ಆ ತಿಂಗಳ ಊಟ ಉಂಟು ಎಂದು ಅರ್ಥ.

ಅವರು ನನ್ನ ಪಿಎಚ್.ಡಿ. ಗೈಡ್. ಪುತ್ತೂರಿನ ಒಂದು ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿ ನಾವಿಬ್ಬರು ಅವರ ಕೈಕೆಳಗಿದ್ದೆವು. ಕಾಣಿಯೂರಿನಿಂದ ದಿನಾ ಬಸ್ಸಿನಲ್ಲಿ ಬರುವ ನಾನು, ಮತ್ತು ಸುಳ್ಯದ ಕಡೆಯ ತೀರ್ಥರಾಮ. ಊರ ಹೆಸರುಗಳು ನನ್ನ ವಿಷಯ, ಅವನ ಮನೆಮಾತಾದ ಅರೆಭಾಷೆಯ ಮದುವೆ ಹಾಡುಗಳು ಅವನದು. ಇಬ್ಬರಿಗೂ ಫೆಲೋಶಿಪ್ ಇತ್ತು. ಸುಮ್ಮನೆ ಓದುವುದಕ್ಕೆ ಸಂಬಳ ಎಂದು ನೆಂಟರಿಷ್ಟರೆಲ್ಲ ಹೊಟ್ಟೆಕಿಚ್ಚು ಪಟ್ಟರು. ಸಂಬಳವಾದರೆ ತಿಂಗಳು ಮುಗಿಯುತ್ತಲೇ ಬರುತ್ತದೆ. ಇದು ಬರಬೇಕಾದರೆ, ಈ ವಿದ್ಯಾರ್ಥಿ ತಿಂಗಳಿಡೀ ಬಂದು ಕೆಲಸ ಮಾಡಿದ್ದಾನೆ ಎಂದು ಗೈಡ್ ಬರೆದು ಕೊಡಬೇಕು. ಬೇರೆ ಕಡೆ ದುಡಿಯುವ ಹಾಗಿಲ್ಲ. ಎರಡು ವರ್ಷವಾದ ಮೇಲೆ ಒಂದು ಸಮಿತಿ ಕೂತು, ಪರವಾಗಿಲ್ಲ ಎಂದರೆ ಮಾತ್ರ ಮುಂದಿನ ವರ್ಷಗಳ ಹಣ. ಹಣ ಎಲ್ಲೋ ದಿಲ್ಲಿಯಿಂದ ಬರುತ್ತಿತ್ತು, ಆದರೆ ಅದಕ್ಕಾಗಿ ನಾವು ನಿಲ್ಲಬೇಕಾದದ್ದು ಪುತ್ತೂರಿನ ದರ್ಬೆಯಲ್ಲಿ, ಈಶ್ವರ ಸರ್ ಮನೆಯ ಜಗಲಿಯ ಕೆಳಗೆ.

"ಸರ್, ಫಾರ್ಮ್ ಕಳಿಸ್ಲಿಕ್ಕೆ ಇವತ್ತು ಕೊನೆಯ ದಿನ" ಎಂದರೆ ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

"ಅವಸರ ಎಂತ ಮಾರಾಯ್ತಿ? ಜ್ಞಾನಕ್ಕೆ ತಿಂಗಳ ಕೊನೆ ಅಂತ ಉಂಟಾ? ನಾಳೆ ನೋಡುವ."

ಆ ನಾಳೆ ಬರಲಿಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಹಾಗೆಂದು ಅವರು ದಡ್ಡರಲ್ಲ, ಸೋಮಾರಿಯೂ ಅಲ್ಲ. ಒಂದು ಗುಡ್ಡದ ಹೆಸರು ಹೇಳಿದರೆ ಅದರಲ್ಲಿ ತುಳು ಎಷ್ಟು, ಕನ್ನಡ ಎಷ್ಟು ಎಂದು ಬಿಡಿಸಿ ತೋರಿಸುತ್ತಿದ್ದರು. ನಾನು ಬರೆದ ಒಂದೊಂದು ಪುಟವನ್ನೂ ಓದಿ ಕೆಂಪು ಮಾಡಿ ಕೊಡುತ್ತಿದ್ದರು. ನನ್ನ ಪ್ರಬಂಧದಲ್ಲಿ ಓದುವಂಥದ್ದು ಏನಾದರೂ ಇದ್ದರೆ ಅದು ಅವರಿಂದ ಬಂದದ್ದು. ಇದನ್ನು ಒಪ್ಪಿಕೊಳ್ಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಫೆಲೋಶಿಪ್‌ನೊಂದಿಗೆ ಮನೆ ಬಾಡಿಗೆಯೂ ಸಿಗುತ್ತದೆ. ಅದನ್ನು ನಮಗಿಂತ ಮೊದಲು ತಿಳಿದವರು ಸರ್. ಅವರ ಮನೆಯ ಹಿಂದೆ ಒಂದು ಕೋಣೆ ಇತ್ತು. ಅದರ ತುಂಬ ತೆಂಗಿನಕಾಯಿ, ಒಂದು ಕೆಟ್ಟ ಫ್ರಿಜ್. ಕಾಗದದಲ್ಲಿ ನಾನೂ ತೀರ್ಥರಾಮನೂ ಆ ಕೋಣೆಯ ಬಾಡಿಗೆದಾರರು. ಮನೆ ಮಾಲಿಕರ ಜಾಗದಲ್ಲಿ ಅವರ ಹೆಂಡತಿಯ ಸಹಿ, ಗೈಡಿನ ಜಾಗದಲ್ಲಿ ಅವರದು. ಬಾಡಿಗೆ ಬಂದ ದಿನವೇ ಅದನ್ನು ಕವರಿನಲ್ಲಿಟ್ಟು ಜಗಲಿಗೆ ಮುಟ್ಟಿಸಬೇಕು. ನಾನು ಬಾಯಿ ಮುಚ್ಚಿಕೊಂಡು ಮುಟ್ಟಿಸಿದೆ.

ತೀರ್ಥರಾಮನಿಗೆ ಮಾತ್ರ ಈ ವ್ಯವಹಾರ ಅರ್ಥವಾಗಲೇ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಮೂರು ಜನರೊಂದಿಗೆ ಮಲಗುತ್ತಿದ್ದವನು ಒಂದು ಭಾನುವಾರ ಚಾಪೆ, ಬಕೆಟ್, ಟ್ರಂಕು ರಿಕ್ಷಾದಲ್ಲಿ ಹಾಕಿಕೊಂಡು ದರ್ಬೆಗೆ ಬಂದಿಳಿದ. ಸರ್ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಕವರು ಕೊಡಲು ಹೋದ ನಾನು ಗೇಟಿನಲ್ಲೇ ಇದ್ದೆ.

"ಕೋಣೆಯ ಬೀಗದ ಕೈ ಬೇಕಿತ್ತು ಸರ್" ಎಂದ, ಎಲ್ಲರೆದುರು. "ಬಾಡಿಗೆ ಕೊಡುದು ಹೇಗೂ ಉಂಟಲ್ಲ, ಇನ್ನು ಇಲ್ಲಿಯೇ ಇರುವ ಅಂತ. ತೆಂಗಿನಕಾಯಿ ಒಂದು ಬದಿಗೆ ಮಾಡ್ತೇನೆ."

ಗಂಡಿನ ತಂದೆ ನಕ್ಕುಬಿಟ್ಟರು. ಸರ್ ಕೂಡ ನಕ್ಕರು. ಆ ನಗು ನೋಡಿ ನಾನು ಕವರನ್ನು ಚೀಲದೊಳಗೆ ತಳ್ಳಿದೆ.

ಮುಂದಿನ ತಿಂಗಳು ನಮ್ಮಿಬ್ಬರ ಎರಡು ವರ್ಷದ ಸಮಿತಿ. ತೀರ್ಥರಾಮ ಒಂದು ಸೋಬಾನೆ ಹಾಡಿ, ಅದರ ಅರ್ಥ ಬಿಡಿಸಿದ. ಹೊರಗಿನಿಂದ ಬಂದ ಪ್ರೊಫೆಸರ್ ಭಲೇ ಎಂದರು. ಸರ್ ಮಾತ್ರ ನನ್ನ ಕಡೆ ತಿರುಗಿದರು. ನನ್ನ ಫಾರ್ಮ್ ಅವರ ಅಂಗೈಯ ಕೆಳಗಿತ್ತು.

"ಸುಮನಾ, ಇವ ದಿನಾ ಲೈಬ್ರರಿಗೆ ಬರ್ತಾನಾ?"

ಎರಡು ವರ್ಷ ಅವನು ಕೂತದ್ದು ನನ್ನ ಎದುರಿನ ಕುರ್ಚಿಯಲ್ಲಿ. ಮಧ್ಯಾಹ್ನ ನನ್ನ ಬುತ್ತಿಯಲ್ಲಿ ಅವನಿಗೂ ಪಾಲು.

"ನಾನು ಗಮನಿಸ್ಲಿಲ್ಲ ಸರ್" ಎಂದೆ.

ಕೈ ಎದ್ದಿತು. ನನ್ನ ಕಾಗದ ನನಗೆ ಸಿಕ್ಕಿತು. ಅವನದನ್ನು ಮುಂದೂಡಿದರು, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಮುಂದೂಡಿದರು. ವರದಿ ಇಲ್ಲದೆ ಹಣವಿಲ್ಲ, ದುಡಿಯಲು ಅನುಮತಿಯೂ ಇಲ್ಲ. ಅವನು ಹಾಡಿನ ಕ್ಯಾಸೆಟ್ಟುಗಳನ್ನು ಅದೇ ಟ್ರಂಕಿಗೆ ತುಂಬಿಕೊಂಡು ಸುಬ್ರಹ್ಮಣ್ಯದ ಒಂದು ಲಾಡ್ಜಿನ ಕೌಂಟರಿಗೆ ಸೇರಿದ. ಯಾತ್ರಿಕರ ಹೆಸರು ಬರೆದುಕೊಳ್ಳುವ ಕೆಲಸ. ಈಗಲೂ ಅಲ್ಲಿಯೇ ಇದ್ದಾನೆ.

ನಾನು ಡಾಕ್ಟರ್ ಸುಮನಾ ಆದೆ. ಕಡಬದ ಸರಕಾರಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನನ್ನ ಸಹಿಗೂ ಮೊಹರಿಗೂ ಬೆಲೆ ಬಂತು.

ಹೋದ ವರ್ಷ ನವೆಂಬರಿನಲ್ಲಿ ಈಶ್ವರ ಸರ್ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೋಲು ಹಿಡಿದಿದ್ದರು, ಶರ್ಟು ಮೈಗೆ ದೊಡ್ಡದಾಗಿತ್ತು. ಪಿಂಚಣಿ ನಿಲ್ಲದಿರಬೇಕಾದರೆ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡಬೇಕಲ್ಲ, ಮೆಷಿನ್ನು ಅವರ ಸವೆದ ಹೆಬ್ಬೆರಳನ್ನು ಹಿಡಿಯಲಿಲ್ಲವಂತೆ. ಅಧಿಕಾರಿಯೊಬ್ಬರ ಸಹಿ ಬೇಕು. ಪುತ್ತೂರಿನಲ್ಲಿ ಅಂಥವರು ಬೇಕಾದಷ್ಟಿದ್ದರು, ಆದರೆ ಅವರನ್ನೆಲ್ಲ ಇವರು ಯಾವಾಗಲೋ ಒಮ್ಮೆ ಕಾಯಿಸಿದ್ದರು.

"ನಾಳೆ ನೋಡುವ ಸರ್" ಎಂದೆ. ಹೇಳುವಾಗ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ?

ಆ ಸಂಜೆ ಸಂತೋಷ ತಡೆಯಲಾಗದೆ ತೀರ್ಥರಾಮನಿಗೆ ಫೋನು ಮಾಡಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ.

"ಸೈನ್ ಹಾಕಿ ಬಿಡಿ ಅಕ್ಕ" ಎಂದ. "ಒಂದು ಕಾಗದಕ್ಕೆ ಹಣ ನಿಂತರೆ ಹೇಗಾಗ್ತದೆ ಅಂತ ನನಗೆ ಗೊತ್ತುಂಟು. ನಿಮಗೆ ಗೊತ್ತಿಲ್ಲ."

ಮರುದಿನ ಅವರನ್ನು ಮಧ್ಯಾಹ್ನದವರೆಗೆ ಹೊರಗಿನ ಬೆಂಚಿನಲ್ಲಿ ಕೂರಿಸಿ, ಆಮೇಲೆ ಸಹಿ ಹಾಕಿದೆ. ಅವರು ಕಾಗದ ಎತ್ತಿಕೊಂಡು ಹಳೆಯ ಅಭ್ಯಾಸದಂತೆ ಊದಿದರು. ಉಸಿರು ಸಾಲಲಿಲ್ಲ, ಕೆಮ್ಮು ಬಂತು.

"ಎರಡೇ ದಿನವಾ?" ಎಂದರು. "ನಾನಾದರೆ ನಾಲ್ಕು ದಿನ ನಡೆಸ್ತಿದ್ದೆ. ನೀನು ಪೂರ್ತಿ ಕಲೀಲೇ ಇಲ್ಲ ಮಾರಾಯ್ತಿ."

ತೀರ್ಥರಾಮನ ಹೆಸರನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈ ನವೆಂಬರಿಗೆ ಅವರು ಬರಲಿಲ್ಲ. ಮಳೆಗಾಲದಲ್ಲೇ ತೀರಿಕೊಂಡರೆಂದು ಆಮೇಲೆ ತಿಳಿಯಿತು. ಅದು ತಿಳಿಯುವ ತನಕ ನಾನು ದಿನಾ ಬಾಗಿಲು ನೋಡುತ್ತಿದ್ದೆ. ಈ ಸಲ ನಾಲ್ಕು ದಿನ ನಡೆಸಬೇಕೆಂದಿದ್ದೆ.