ಹೆದರಬೇಡಿ ಎಂದ ನರ್ಸಮ್ಮ

ಅವಳ ಹೆಸರನ್ನು ನಾನು ಮೊದಲು ಕೇಳಿದ್ದು ಬೆಂಕಿಯ ಸುತ್ತ ಕೂತಿದ್ದಾಗ. ನನ್ನ ಗೀಹೊ ಹುಟ್ಟಿದ ಮೇಲೆ ಎರಡನೇ ಮಗುವನ್ನೂ ಹೆತ್ತು ನಾನು ಮತ್ತೆ ನೀರಿಗಿಳಿದ ವರ್ಷ ಅದು. ನಮ್ಮ ದ್ವೀಪದಲ್ಲಿ ಹೆಂಗಸರೆಲ್ಲ ಮುಳುಗುವವರೇ. ಉಸಿರು ಕಟ್ಟಿ ತಳಕ್ಕೆ ಹೋಗಿ ಚಿಪ್ಪು, ಪಾಚಿ ಕಿತ್ತು ತಂದರೆ ಮನೆಯಲ್ಲಿ ಬಾರ್ಲಿ ಅನ್ನ ಬೇಯುತ್ತಿತ್ತು. ಅಂದು ನೀರಿನಿಂದೆದ್ದು ಬಂದು ಕಲ್ಲುಗೋಡೆಯ ಮರೆಯಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದೆವು. ನಮ್ಮ ಗುಂಪಿಗೇ ಹಿರಿಯ ಮುಳುಗುಗಾರ್ತಿ ಚುನೋಕಕ್ಕ ಸುದ್ದಿ ತಂದಳು.

"ನಮ್ಮೂರಿಗೊಬ್ಬಳು ನರ್ಸ್ ಬರ್ತಾಳಂತೆ ಕಣ್ರೇ. ತಾಕ್ ಯಂಗ್ರಾನ್ ಅಂತ. ಮದುವೆ ಆಗಿಲ್ಲ. ಸಂಘದ ಹಳೇ ಉಗ್ರಾಣದಲ್ಲಿ ಇರಿಸ್ತಾರಂತೆ."

"ಡಾಕ್ಟ್ರು ಬರಲ್ವಾ?" ಎಂದೆ.

"ಈ ಕಲ್ಲಿನ ಮೇಲೆ ಯಾವ ಡಾಕ್ಟ್ರು ಬರ್ತಾನೆ? ಇವಳೂ ಅಷ್ಟೇ, ಉಪ್ಪಿನಕಾಯಿ ಹುಳಿಯಾಗೋದ್ರೊಳಗೆ ಓಡಿಹೋಗ್ತಾಳೆ ನೋಡ್ತಿರು."

ಯಂಗ್ರಾನ್ ಬಂದ ದಿನ ದೋಣಿಯಲ್ಲಿ ವಾಂತಿ ಮಾಡಿ ಮಾಡಿ ಸೊರಗಿದ್ದಳು. ದಡದಲ್ಲಿ ಅವಳ ಹಣೆ ಹಿಡಿದು ಬೆನ್ನು ತಟ್ಟಿದವಳು ಚುನೋಕಕ್ಕನೇ. "ನಮ್ಮನ್ನ ನೋಡ್ಕೊಳ್ಳೋಕೆ ಬಂದ್ಯಾ ತಾಯಿ, ಇಲ್ಲಾ ನಾವೇ ನಿನ್ನ ನೋಡ್ಕೋಬೇಕಾ?" ಎಂದು ನಗಿಸಿದಳು. ಅಂದಿನಿಂದ ಅವರಿಬ್ಬರೂ ಅಕ್ಕತಂಗಿಯರ ಹಾಗೆ.

ಅವಳು ಓಡಿಹೋಗಲಿಲ್ಲ. ನಮ್ಮ ಬೆಂಕಿಯ ಹತ್ತಿರ ಬಂದು ಕೂರುತ್ತಿದ್ದಳು, ಸುಮ್ಮನೆ ಹರಟೆ ಹೊಡೆಯುವವಳ ಹಾಗೆ. ಮಾತಾಡುತ್ತಲೇ ನಮ್ಮ ಕೈ ಹಿಡಿದು ಉಗುರು ಒತ್ತಿ, ಎಷ್ಟು ಬೇಗ ಕೆಂಪು ತಿರುಗಿತು ಎಂದು ನೋಡುತ್ತಿದ್ದಳು. ಕಣ್ಣು ಸಮುದ್ರದ ಕಡೆ ಇದ್ದರೂ ನಮ್ಮ ಉಸಿರು ಎಣಿಸುತ್ತಿದ್ದಳು. ಕಾಲು ಊದಿದೆಯಾ, ಮಾತಿನ ನಡುವೆ ಏದುಸಿರು ಬರುತ್ತದೆಯಾ, ಎಲ್ಲ ಅವಳಿಗೆ ಬೇಕು. ಆಮೇಲೆ ಪ್ರಶ್ನೆ ಕೇಳುತ್ತಿದ್ದಳು. ನಾವು ನಗುತ್ತಿದ್ದೆವು.

ಒಂದು ವಸಂತದಲ್ಲಿ ಚುನೋಕಕ್ಕ ಬಿಳಿಚಿಕೊಂಡಳು. ಬಲೆಚೀಲ ಹೊತ್ತು ದಡ ಹತ್ತುವಾಗ ನಡುವೆ ಎರಡು ಸಲ ನಿಲ್ಲುತ್ತಿದ್ದಳು. ಯಂಗ್ರಾನ್ ಅವಳನ್ನು ಬೆಂಕಿಯ ಪಕ್ಕದಲ್ಲೇ ಕೂರಿಸಿ ಕೆಳರೆಪ್ಪೆ ಎಳೆದು ನೋಡಿದಳು. ಅದೂ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗಿತ್ತು.

"ಅಕ್ಕ, ಹೊಟ್ಟೆ ನೋವು ಬರುತ್ತಾ?"

"ಹಸಿದಾಗ ಯಾರಿಗೆ ಬರಲ್ಲ? ತುಂಬಿದ ಹೊಟ್ಟೇಲಿ ಮುಳುಗೋಕಾಗುತ್ತಾ?"

"ಮಲ ಕಪ್ಪಗೆ ಹೋಗುತ್ತಾ?"

ನಾವೆಲ್ಲ ಕಿಸಕ್ಕೆಂದೆವು. ಚುನೋಕಕ್ಕ ಮುಖ ಗಂಟಿಕ್ಕಿ, "ಸಮುದ್ರದಲ್ಲಿ ಕಲ್ಲಿನ ಬಣ್ಣ ನೋಡಿ ನೋಡಿ ಸಾಕಾಗಿದೆ, ಇನ್ನು ಅದನ್ನೂ ತಿರುಗಿ ನೋಡ್ಲಾ?" ಎಂದಳು. ನಕ್ಕೂ ನಕ್ಕೂ ನಮ್ಮ ಕಣ್ಣಲ್ಲಿ ನೀರು. ಯಂಗ್ರಾನ್ ಕೂಡ ನಕ್ಕುಬಿಟ್ಟಳು.

"ಏನಾದ್ರೂ ಔಷಧಿ ತಗೊಳ್ತೀರಾ?"

"ಔಷಧಿನಾ? ನಾನಾ? ಜನ್ಮದಲ್ಲಿ ಮುಟ್ಟಿಲ್ಲ."

ಅದು ಸುಳ್ಳಲ್ಲ. ಅಲ್ಲಿದ್ದ ನಮ್ಮಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆವು.

ರಕ್ತ ಕಡಿಮೆಯಾಗಿದೆ ಎಂದು ಯಂಗ್ರಾನ್ ಕಬ್ಬಿಣದ ಮಾತ್ರೆ ಕೊಟ್ಟಳು. ಪಟ್ಟಣಕ್ಕೆ ಹೋಗಿ ತೋರಿಸಿಕೊಳ್ಳಿ ಎಂದೂ ಹೇಳಿದಳು. ಪಾಚಿ ಕೀಳುವ ಕಾಲ ಮುಗಿಯಲಿ ಎಂದಳು ಚುನೋಕಕ್ಕ. ಹೊರಡುವಾಗ ಯಂಗ್ರಾನ್, "ಈ ಮಾತ್ರೆಗೆ ಮಲ ಕಪ್ಪಾಗುತ್ತೆ ಅಕ್ಕ, ಹೆದರಬೇಡಿ" ಎಂದಳು.

ಪಾಚಿಯ ಕಾಲ ಮುಗಿಯಲಿಲ್ಲ. ಒಂದು ಬೆಳಿಗ್ಗೆ ನೀರಿನಿಂದೆದ್ದು ಬಂದ ಚುನೋಕಕ್ಕ ಬಂಡೆಯ ಮೇಲೆ ಮಂಡಿಯೂರಿ ರಕ್ತ ಕಾರಿಕೊಂಡಳು. ಕಾಫಿಯ ಗಷ್ಟಿನಂಥದ್ದು ಮೊದಲು, ಆಮೇಲೆ ಕೆಂಪನೆಯದು. ಯಂಗ್ರಾನ್ ಬರಿಗಾಲಲ್ಲಿ ಓಡಿ ಬಂದಳು. ಪಟ್ಟಣದ ದೋಣಿಗೆ ಹತ್ತಿಸಿದೆವು. ಅವಳೂ ನಾನೂ ಜೊತೆಗೆ ಹೋದೆವು. ಅಕ್ಕನ ಅಂಗಿ ಸಡಿಲಿಸುವಾಗ ಒಳಜೇಬಿನಿಂದ ಸಣ್ಣ ಪೊಟ್ಟಣಗಳು ಉದುರಿದವು.

"ಇದೇನು?" ಎಂದಳು ಯಂಗ್ರಾನ್.

"ತಲೆನೋವಿನ ಪುಡಿ. ನೀರಿಗಿಳಿಯೋ ಮುಂಚೆ ನಾವೆಲ್ಲ ಬಾಯಿಗೆ ಹಾಕ್ಕೊಳ್ತೀವಲ್ಲ. ಇಲ್ದಿದ್ರೆ ತಳಕ್ಕೆ ಹೋದಾಗ ತಲೆ ಸಿಡಿದುಹೋಗುತ್ತೆ."

"ದಿನಾನಾ? ಬರೀ ಹೊಟ್ಟೇಲಾ?"

"ದಿನಾ. ಅಕ್ಕ ಮಧ್ಯಾಹ್ನನೂ ಹಾಕ್ಕೊಳ್ತಾಳೆ."

"ಔಷಧಿ ತಗೊಳ್ತೀರಾ ಅಂತ ಕೇಳಿದ್ನಲ್ಲ!"

"ಇದು ಔಷಧಿ ಅಂತ ಯಾರಿಗೆ ಗೊತ್ತಿತ್ತು ನರ್ಸಮ್ಮ? ನೀವು ಕಾಫಿ ಕುಡಿಯೋ ಹಾಗೆ ಅಲ್ವಾ?"

ಆ ಪುಡಿ ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಸೋರಿಸುತ್ತದೆ, ಸೋರಿದ ರಕ್ತದಿಂದ ಮಲ ಕಪ್ಪಾಗುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಆ ಕಪ್ಪು ಒಂದೇ ಗುರುತಾಗಿತ್ತು. ಮಾತ್ರೆ ಅದನ್ನು ಮುಚ್ಚಿತು. ಪಟ್ಟಣದ ದಡ ಕಾಣುವ ಹೊತ್ತಿಗೆ ಚುನೋಕಕ್ಕನ ಕೈ ತಣ್ಣಗಾಗಿತ್ತು.

ಮಣ್ಣು ಮಾಡುವ ದಿನ ಯಂಗ್ರಾನ್ ಬಂದು ಬಗ್ಗಿ ನಮಸ್ಕರಿಸಿದಾಗ ಅಕ್ಕನ ಮಗಳು ಮಲ್ಸುನ್ ಎದ್ದು ನಿಂತಳು.

"ಅಮ್ಮಂಗೆ ಗುಮಾನಿ ಇತ್ತು. ಇದೇನೇ ಟಾರಿನ ಹಾಗೆ ಬರ್ತಿದೆ ಅಂತ ನನ್ನ ಕರೆದು ತೋರಿಸಿದ್ಲು. ಪಟ್ಟಣಕ್ಕೆ ಹೋಗೋಣ ಅಂದೆ. ನರ್ಸಮ್ಮ ಹೆದರಬೇಡಿ ಅಂದಿದ್ದಾಳೆ, ಸುಮ್ನಿರು ಅಂದ್ಲು. ನಿಮ್ಮ ಮಾತು ನಂಬಿ ಹೋದ್ಲು. ನಮ್ಮನೆ ಬಾಗಿಲಿಗೆ ಇನ್ಮೇಲೆ ಬರಬೇಡಿ."

ಮಲ್ಸುನ್ ಮಾತು ಉಳಿಸಿಕೊಂಡಳು. ತಾಯಿಯ ಜಾಗದಲ್ಲಿ ಅವಳೇ ಮುಳುಗತೊಡಗಿದಳು, ಪುಡಿಯನ್ನೂ ಹಾಗೇ ಬಾಯಿಗೆ ಹಾಕುತ್ತಿದ್ದಳು. ನರ್ಸು ಬೆಂಕಿಯ ಹತ್ತಿರ ಬಂದರೆ ಎದ್ದು ಹೋಗುತ್ತಿದ್ದಳು.

ಅಂದಿನಿಂದ ಯಂಗ್ರಾನ್ ಕೇಳುವ ರೀತಿಯೇ ಬದಲಾಯಿತು. ಔಷಧಿ ಎಂಬ ಮಾತನ್ನೇ ಬಿಟ್ಟಳು. "ಬೆಳಿಗ್ಗೆ ಎದ್ದಾಗಿನಿಂದ ಬಾಯೊಳಗೆ ಏನೇನು ಹೋಯ್ತು? ತಂದು ಇಲ್ಲಿಡಿ" ಎನ್ನುತ್ತಿದ್ದಳು. ಜಿನ್ಸೆಂಗ್ ಕಷಾಯ, ಹಾವು ನೆನೆಸಿದ ಸಾರಾಯಿ, ಪಕ್ಕದ ಮನೆಯವರು ಕೊಟ್ಟ ಮಂಡಿನೋವಿನ ಗುಳಿಗೆ, ಎಲ್ಲ ನೆಲದ ಮೇಲೆ ಬರಬೇಕು. "ಪೊಲೀಸಮ್ಮ ಬಂದ್ಲು, ಸಾರಾಯಿ ಅಡಗಿಸಿ" ಎಂದು ಗಂಡಸರು ಕೂಗುತ್ತಿದ್ದರು. ಸಕ್ಕರೆ ಕಾಯಿಲೆಯಿದ್ದ ನನ್ನ ಗಂಡನ ಕಾಲ್ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. "ಹೆಂಡ್ತೀನೇ ಇಷ್ಟು ನೋಡಿಲ್ಲ" ಎಂದು ಅವನು ನಾಚುತ್ತಿದ್ದ. ಅವನು ಸಾಯುವವರೆಗೂ ಎರಡು ಕಾಲೂ ಇದ್ದವು, ಅದು ಅವಳ ಪುಣ್ಯ. ಹೊಗಳಿದರೆ ಮಾತ್ರ ಅವಳಿಗೆ ಹಿಡಿಸುತ್ತಿರಲಿಲ್ಲ. "ಇದನ್ನ ಯಾರ ಜೀವದ ಲೆಕ್ಕದಲ್ಲಿ ಕಲಿತೆ ಅಂತ ನಿಮಗೆ ಗೊತ್ತಲ್ಲ" ಎನ್ನುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವಳು ಮೋಕ್ಪೊ ನಗರದಲ್ಲಿ ತಮ್ಮನ ಮಗಳ ಮನೆ ಸೇರಿದಳು. ಅಲ್ಲಿಗೆ ಹಲ್ಲು ಕಟ್ಟಿಸಲು ಹೋದ ನಾನು ಒಣ ಪಾಚಿ ಹಿಡಿದು ಅವಳನ್ನು ನೋಡಲು ಹೋದೆ. ಹೃದಯ ಸೋತು, ಮೂರು ದಿಂಬು ಒರಗಿ ಕೂತಿದ್ದಳು. ಊರಿನ ಒಬ್ಬೊಬ್ಬರನ್ನೂ ವಿಚಾರಿಸಿದಳು. ಕೊನೆಗೆ ಮಲ್ಸುನಳ ಹೆಸರೆತ್ತಿದಳು.

"ಇನ್ನೂ ಮುಳುಗ್ತಾಳೆ. ಆದ್ರೆ ಈಚೆಗೆ ಬಿಳಿಚಿದ ಹಾಗಿದೆ. ದಡ ಹತ್ತುವಾಗ ನಿಲ್ತಾಳೆ" ಎಂದೆ.

ದಿಂಬು ಬಿಟ್ಟು ಎದ್ದು ಕೂತಳು. "ಎಷ್ಟು ದಿನದಿಂದ? ತುಟಿ ಹೇಗಿದೆ? ಊಟ ಸೇರುತ್ತಾ? ಪುಡಿ ಎಷ್ಟು ಸಲ ಹಾಕ್ಕೊಳ್ತಾಳೆ?"

ದಿನವೂ ಮಲ್ಸುನಳ ಪಕ್ಕ ಕೂತು ಮೈ ಕಾಯಿಸುವವಳು ನಾನು, ಇದೊಂದನ್ನೂ ನೋಡೇ ಇರಲಿಲ್ಲ.

ಅವಳು ನನ್ನ ಕೈ ಹಿಡಿದಳು. ಉಸಿರಿಗಾಗಿ ನಿಲ್ಲುತ್ತ ನಿಲ್ಲುತ್ತ ಹೇಳಿದಳು.

"ನಾನು ಹೋದ್ರೆ ಅವಳು ಬಾಗಿಲು ತೆಗೆಯಲ್ಲ ಗೀಹೊನ ಅಮ್ಮ. ನೀವು ಕೇಳಿ, ಮಲ ಕಪ್ಪಗೆ ಹೋಗುತ್ತಾ ಅಂತ. ಬೆಂಕಿ ಹತ್ರ ಬೇಡ, ಎಲ್ಲರೂ ಇರ್ತಾರೆ. ಅವಳ ಅಡುಗೆಮನೇಲಿ, ಇಬ್ಬರೇ ಇದ್ದಾಗ ಕೇಳಿ. ತಮಾಷೆ ಮಾಡಿ ಹಾರಿಸ್ತಾಳೆ, ಅಮ್ಮನ ಹಾಗೇ. ಆಗ ನೀವು ನಗಬೇಡಿ. ಮತ್ತೆ ಅದನ್ನೇ ಕೇಳಿ. ನಾಳೆ ನೀರಿಗಿಳಿಯೋ ಮೊದಲೇ ಕೇಳ್ತೀರಾ?"