ಎಂಜಿನ್ನಿಗೆ ಐತವಾರದ ಜಳಕ

ಮಾಗನೂರಿನಲ್ಲಿ ಉರುಕುಂದಮ್ಮನನ್ನು ಕಂಡು ನಕ್ಕವರೇ ಹೆಚ್ಚು. ಆ ನಗು ನೆನಪಾದರೆ, ಅದೇ ಓಣಿಯಲ್ಲಿ ಬೆಳೆದ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗಂಡ ಸತ್ತ ಮೇಲೆ ಆಕೆ ಅಂಗಳದಲ್ಲಿದ್ದ ಹಳೇ ಎಂಜಿನ್ನಿಗೆ ಹೊಸ ಒಡೆಯನನ್ನು ಹುಡುಕುತ್ತಿದ್ದಳು. ಬಾವಿಕಟ್ಟೆಯಲ್ಲಿ ಜಮ್ಮುಲಮ್ಮ, "ಏನವ್ವಾ, ಮಗಳಿಗೆ ವರ ಸಿಕ್ಕನೇನು?" ಎಂದು ಕಿಸಿಯುವಳು. "ಸಿಗತಾನ ಬಿಡು, ನಿನ್ನ ಅಳಿಯನಂಥಾಂವ ಸಿಗದಿದ್ರ ಸಾಕು" ಎಂದು ಇವಳು ಕೊಡ ಎತ್ತಿಕೊಂಡು ಹೋಗುವಳು. ಬಾಯಿಗೇನೂ ಬಡತನವಿರಲಿಲ್ಲ.

ಗಂಡ ಬೀರಲಿಂಗಪ್ಪ ಕುರಿ ಕಾಯುವ ಮನೆಯವನು. ನಾರಾಯಣಪೇಟೆಯ ಹತ್ತಿ ಮಿಲ್ಲಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ ಅರ್ಧ ಆಯುಷ್ಯ ಅಲ್ಲೇ ಕಳೆದ. ಮಿಲ್ಲು ಮುಚ್ಚಿದಾಗ ಸಾಹುಕಾರ, ತನ್ನಪ್ಪನ ಕಾಲದಿಂದ ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಎಂಜಿನ್ನನ್ನು "ಒಯ್ದುಕೋ" ಎಂದು ಕೊಟ್ಟುಬಿಟ್ಟ. ಗಾಡಿಯಲ್ಲಿ ಹೇರಿ ತಂದು, ಬಿಚ್ಚಿ, ತಿಕ್ಕಿ, ಒಂದೊಂದೇ ಭಾಗ ಕೂಡಿಸತೊಡಗಿದ. ಊರಿಗೊಂದು ಹಿಟ್ಟಿನ ಗಿರಣಿ ಆಗಬೇಕು, ಹೆಂಗಸರು ಬೀಸುಕಲ್ಲಿನ ಮುಂದೆ ರಟ್ಟೆ ಸವೆಸುವುದು ನಿಲ್ಲಬೇಕು, ಅದೊಂದೇ ಹುಚ್ಚು. ನೆಟ್ಟಗೆ ನಿಂತ ಸಿಲಿಂಡರಿನ ಒಳಗೋಡೆಯನ್ನು ಫಳಫಳ ಹೊಳೆಯುವಂತೆ ಉಜ್ಜಿ ಪಿಸ್ಟನ್ ಇಳಿಸಿದ. ಗ್ರೀಸು ಮೆತ್ತಿ, ಬಾಯಿಗೆ ಗೋಣಿ ಮುಚ್ಚಿಟ್ಟ. ಮೇಲಿನ ಮುಚ್ಚಳ ಬಿಗಿಯುವ ಮೊದಲೇ ಜ್ವರ ಹಿಡಿಯಿತು. ಸಾಯುವಾಗ ಹೆಂಡತಿಗೆ ಹೇಳಿದ್ದು ಇಷ್ಟೇ: "ಒಡಸಬ್ಯಾಡ. ನಡಸೋರಿಗೆ ಕೊಡು."

ಅದು ಜರ್ಮನಿ ಯುದ್ಧದ ಕಾಲ. ನಿಜಾಮರ ಸೀಮೆಯಲ್ಲೆಲ್ಲ ಕಬ್ಬಿಣಕ್ಕೆ ಬರ. ಗದ್ವಾಲಿನಿಂದ ಗುಜರಿ ವ್ಯಾಪಾರಿ ಸುತ್ತಿಗೆ ಸಮೇತ ಬಂದ. ಉರುಕುಂದಮ್ಮ ಅವನನ್ನು ಅಂಗಳದೊಳಗೆ ಕಾಲಿಡಗೊಡಲಿಲ್ಲ. ನಾರಾಯಣಪೇಟೆಯವನೊಬ್ಬ ದೊಡ್ಡ ಗಾಲಿ ಮಾತ್ರ ಸಾಕೆಂದ. ಅವನನ್ನೂ ಅಟ್ಟಿದಳು.

ಮೈದುನ ಕಿಷ್ಟಪ್ಪನಿಗೆ ಸಾಕಾಗಿತ್ತು. "ಅತ್ತಿಗಿ, ಅಣ್ಣ ಹೋದ. ಈ ಕಬ್ಬಿಣ ಕಟ್ಟಿಕೊಂಡು ಏನ್ ಮಾಡತಿ? ಕೊಟ್ಟು ಕೈ ತೊಳಕೋ."

"ನಿಮ್ಮಣ್ಣನ ಮಾತೈತಿ ಕಿಷ್ಟಪ್ಪ. ಒಡಿಯಾಕ ಬಿಡಂಗಿಲ್ಲ."

ಅವರ ಮನೆಯಲ್ಲಿ ಐತವಾರ ಮೈಲಾರನ ವಾರ. ದೇವರ ಕಲ್ಲಿಗೆ ನೀರೆರೆದು, ಅರಿಸಿನದ ಭಂಡಾರ ಹಚ್ಚದೆ ಒಲೆ ಹೊತ್ತಿಸುವುದಿಲ್ಲ. ಗಂಡ ಹೋದ ಮೇಲೆ ಎಂಜಿನ್ನಿಗೂ ಅದೇ ಸೇವೆ ನಡೆಯಿತು. ಗಂಡನ ಕೈ ಮುಟ್ಟಿದ ವಸ್ತು ಹೊಲಸಾಗಿ ನಿಲ್ಲಬಾರದು, ನೋಡಲು ಬಂದವರು ಮೂಗು ಮುರಿಯಬಾರದು. ಗೋಣಿ ತೆಗೆದು, ಒಳಗೆ ಮೆತ್ತಿದ್ದ ಕರಿ ಜಿಡ್ಡನ್ನೆಲ್ಲ ಬಿಸಿನೀರು, ಸೀಗೆಪುಡಿ ಹಾಕಿ ತೊಳೆದಳು. ಆಮೇಲೆ ವಾರವಾರವೂ ತಲೆಯಿಂದ ನೀರೆರೆದು, ಕೈತುಂಬ ಭಂಡಾರ ತೂರಿ, ಕುಂಕುಮ ಏರಿಸಿ, ಮತ್ತೆ ಗೋಣಿ ಹೊದಿಸುವಳು. ಒಳಗೆ ಕೆಂಪು ಕಂಡರೆ ಕುಂಕುಮವೆಂದುಕೊಂಡಳು.

ಬೇಸಿಗೆಯಲ್ಲಿ ಹೊಳೆ ಇಳಿದ ಮೇಲೆ ಆಚೆ ದಡದ ಐಜದಿಂದ ಕರಿಬಸಯ್ಯ ಬಂದ. ಶೇಂಗಾ ಎಣ್ಣೆಯ ಗಾಣವನ್ನು ಎಂಜಿನ್ನಿನಿಂದ ನಡೆಸುತ್ತಿದ್ದ ಮನುಷ್ಯ, ಕೆಲಸ ಬಲ್ಲವನು. ಜೊತೆಗೆ ಗಾಡಿಯನ್ನೂ ತಂದಿದ್ದ. "ಬೀರಲಿಂಗಪ್ಪನ ಕೈಕೆಲಸ ನಾ ಮಿಲ್ಲಿನ್ಯಾಗ ನೋಡೀನವ್ವಾ. ಆತ ಕೂಡಿಸಿದ್ದು ಅಂದಮ್ಯಾಲ ಪೂರಾ ಮಾಡೋದು ನನ್ನ ಜಿಮ್ಮಾ" ಎಂದ. ಉರುಕುಂದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ಸಂತೋಷ ಆ ಮುಖದಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಕರಿಬಸಯ್ಯ ಗೋಣಿ ಸರಿಸಿ ಕೈ ಇಳಿಸಿದ. ಕೈ ಹೊರಗೆ ಬಂದಾಗ ಕೆಂಪು ರಾಡಿ ಮೆತ್ತಿತ್ತು. ಎಂಜಿನ್ನಿನ ದೊಡ್ಡ ಗಾಲಿ ತಿರುಗಿಸಲು ಹೆಗಲು ಕೊಟ್ಟ. ಕಿಷ್ಟಪ್ಪನೂ ಸೇರಿಕೊಂಡ. ಗಾಲಿ ಮಿಸುಕಲಿಲ್ಲ.

"ಇದಕ್ಕ ನೀರು ಹಾಕಿದವರು ಯಾರು?"

"ನಾನ ರೀ ಅಯ್ಯನವರ" ಎಂದಳು ಹೆಮ್ಮೆಯಿಂದ. "ಒಂದು ಐತವಾರನೂ ತಪ್ಪಿಸಿಲ್ಲ."

ಅವನು ಕೈಯ ರಾಡಿಯನ್ನು ಗೋಣಿಗೆ ಒರೆಸಿಕೊಂಡ. "ತುಕ್ಕು ತಿಂದೈತವ್ವಾ. ಪಿಸ್ಟನ್ ಗ್ವಾಡಿಗೆ ಕಚ್ಚಿಬಿಟ್ಟೈತಿ. ಈ ದಂಡಿನ ಕಾಲದಾಗ ಹೊಸ ಸಿಲಿಂಡರ್ ಎಲ್ಲಿಂದ ತರಲಿ?" ಎಂದ.

"ಅವರು ಮೆತ್ತಿದ್ದ ಕರಿ ಜಿಡ್ಡು?"

"ಅದು ತುಕ್ಕು ಹಿಡೀಬಾರದಂತ ಮೆತ್ತಿದ್ದು."

"ನಾ ಮುಟ್ಟದ ಇದ್ದಿದ್ರ?"

ಕರಿಬಸಯ್ಯ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ಅವನನ್ನು ಬೈಯಬೇಕೋ ಮೆಚ್ಚಬೇಕೋ ನನಗೆ ಇನ್ನೂ ತಿಳಿದಿಲ್ಲ. "ಈ ಹೊತ್ತಿಗೆ ಗಾಡಿಗೆ ಹೇರತಿದ್ದೆ" ಎಂದ.

ಖಾಲಿ ಗಾಡಿ ಹೊಡೆದುಕೊಂಡು ಅವನು ಹೋದ. ಒಡೆಯಲು ಹಾತೊರೆದಿದ್ದ ಕಿಷ್ಟಪ್ಪನಿಗೇ ಈಗ ಮನಸ್ಸು ಬರಲಿಲ್ಲ. "ಇರಲಿ ಬಿಡತ್ತಿಗಿ, ಅಂಗಳದಾಗ ಬಿದ್ದಿರಲಿ" ಎಂದ. ಆಕೆ ಒಪ್ಪಲಿಲ್ಲ. ದಿನಾ ಎದ್ದು ಅದರ ಮುಖ ನೋಡುವುದು ತನ್ನಿಂದಾಗದು, ಗುಜರಿಯವನಿಗೆ ಹೇಳಿ ಕಳಿಸು ಎಂದಳು.

ಒಡೆಯುವಾಗ ಒಳಗೆ ಹೋಗೆಂದರೂ ಹೋಗಲಿಲ್ಲ, ಅಲ್ಲೇ ನಿಂತಳು. ಓಣಿಯವರೆಲ್ಲ ಬಂದಿದ್ದರು, ಅಂದು ಯಾರೂ ನಗಲಿಲ್ಲ. ಬಹಳ ಪೆಟ್ಟಾದ ಮೇಲೆ ಸಿಲಿಂಡರ್ ಸೀಳಿತು. ಪಿಸ್ಟನ್ನಿನ ಮೇಲ್ಗಡೆಯೆಲ್ಲ ಕೆಂಪು ಕಜ್ಜಿ. ಕೆಳಗೆ, ನೀರು ತಲುಪದ ಕಡೆ, ಗೇಣಗಲ ಜಾಗದಲ್ಲಿ ಗ್ರೀಸು ಇನ್ನೂ ಹಸಿಯಾಗಿತ್ತು. ಗುಜರಿಯವನು ಬೆರಳಿನಿಂದ ಒರೆಸಿದ. ಒಳಗಿನ ಕಬ್ಬಿಣ ನಿನ್ನೆ ಉಜ್ಜಿದಂತಿತ್ತು.

ಉರುಕುಂದಮ್ಮ ಕುಕ್ಕುರುಗಾಲಲ್ಲಿ ಕುಳಿತು ಅದನ್ನು ಸವರಿದಳು. "ಇದು ಅವರು ಮಾಡಿದ್ದು" ಎಂದಳು. ಮೇಲಿನ ತುಕ್ಕಿನ ಮೇಲೆ ಕೈಯಿಟ್ಟು, "ಇದು ನಾ ಮಾಡಿದ್ದು" ಎಂದಳು. ಆಮೇಲೆ ಎದ್ದು ಚೂರುಗಳನ್ನು ಒಂದೊಂದಾಗಿ ತಾನೇ ಗಾಡಿಗೆ ಹಾಕಿದಳು. ಕಿಷ್ಟಪ್ಪ ಕೈಹಚ್ಚಲು ಬಂದರೆ ಅವನನ್ನು ದೂರ ತಳ್ಳಿದಳು.