ಭಾವನ ಜೊತೆ ತುಳಿದ ನಾಲ್ಕು ದಿನ

ಭಾವನ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ, ನೀರಿನಲ್ಲಿ ನೆನೆದು ಸುಕ್ಕುಗಟ್ಟಿದಂತೆ ಇರುತ್ತಿದ್ದವು. ಶ್ರೀನಿವಾಸಪುರದ ಒಂದು ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಬಿಸಿನೀರಿನ ತೊಟ್ಟಿಗೆ ಕೈ ಅದ್ದಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಕೈಗಳು ಅವು. ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ ಅವರನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. "ಇದ್ರ ಪ್ರಕಾರ ನಾನು ಭೂಮಿ ಮೇಲೇ ಇಲ್ಲ ಕಣಪ್ಪ" ಎಂದು ನಕ್ಕು, ಹಿಂದೆ ನಿಂತ ಅಕ್ಕನನ್ನು ಮುಂದೆ ಬಿಡುತ್ತಿದ್ದರು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಒಡಹುಟ್ಟಿದವಳು ಅವಳೊಬ್ಬಳೇ. ಭಾವ ರಾಯಲ್ಪಾಡಿನವರು, ಮನೆಮಾತು ತೆಲುಗು. ನಮ್ಮದು ಕ್ಯಾಲನೂರು, ನಾನು ಅಲ್ಲಿನ ಹಾಲಿನ ಡೈರಿಯ ಕಾರ್ಯದರ್ಶಿ. ಭಾವ ಮಾತು ಕಡಿಮೆ. ಯಾವ ಕೆಲಸಕ್ಕೆ ಹೊರಟರೂ "ಪದಪ್ಪಾ, ಪೋದಾಂ" ಅನ್ನುವರು. ನಡಿಯಪ್ಪ, ಹೋಗೋಣ ಅಂತ. ಮದುವೆಗಾದರೂ ಅದೇ ಮಾತು, ಮಣ್ಣಿಗಾದರೂ ಅದೇ ಮಾತು. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಕೆದಕಿದರೆ ಎದ್ದು ಹೋಗಿ ಸೈಕಲ್ ಒರೆಸುತ್ತಾ ಕೂರುತ್ತಿದ್ದರು.

ಅಕ್ಕನ ಎರಡೂ ಕಿಡ್ನಿ ಕೆಟ್ಟಿವೆ ಎಂದು ತಿಳಿದಾಗ ಅವಳಿಗೆ ನಲವತ್ಮೂರು. ವಾರಕ್ಕೆ ಎರಡು ದಿನ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ರಕ್ತ ಎಳೆಯಲು ಅನುಕೂಲವಾಗಲೆಂದು ಅವಳ ಎಡಗೈಯಲ್ಲಿ ಎರಡು ನರ ಸೇರಿಸಿ ಹೊಲಿದಿದ್ದರು. ಆ ಜಾಗದಲ್ಲಿ ಚರ್ಮದ ಕೆಳಗೆ ರಕ್ತ ಗುರ್ ಎಂದು ಹರಿಯುವುದು ಕೈಗೆ ತಿಳಿಯುತ್ತಿತ್ತು. ಅದು ನಿಂತರೆ ಅಪಾಯ. ಪ್ರತಿದಿನ ಬೆಳಿಗ್ಗೆ ಭಾವ ತಮ್ಮ ಸವೆದ ಬೆರಳುಗಳನ್ನು ಅಲ್ಲಿಟ್ಟು, ಕಣ್ಣುಮುಚ್ಚಿ, "ಐತೆ" ಎನ್ನುತ್ತಿದ್ದರು. ಆಮೇಲೆಯೇ ಇಬ್ಬರೂ ಕಾಫಿಗೆ ಕೂರುವುದು. ಮೈಯಲ್ಲಿ ನೀರು ನಿಲ್ಲಬಾರದೆಂದು, ಅಕ್ಕ ದಿನಕ್ಕೆ ಕುಡಿಯಬಹುದಾದ ನೀರನ್ನು ಭಾವನೇ ಅಳೆದು ಕೊಡುತ್ತಿದ್ದರು. ಹಾಗಾಗಿ ನಾವು ಯಾರೂ ಅವಳ ಎದುರು ನೀರು ಕುಡಿಯುತ್ತಿರಲಿಲ್ಲ. ನಾನಂತೂ ಹಿತ್ತಿಲಿಗೆ ಹೋಗಿ ಕುಡಿದು ಬರುತ್ತಿದ್ದೆ.

ಈಗ ನನ್ನ ಮಾತು ಹೇಳಬೇಕು. ಅದನ್ನು ಬಿಟ್ಟು ಭಾವನ ಬಗ್ಗೆ ಬರೆಯಲು ಬರುವುದಿಲ್ಲ.

ಕಿಡ್ನಿ ಕೊಡಬಹುದಾದವರು ಮನೆಯಲ್ಲಿ ಮೂರೇ ಜನ. ಅಮ್ಮನಿಗೆ ಸಕ್ಕರೆ ಕಾಯಿಲೆ. ಭಾವನದು ಹೊಂದಲಿಲ್ಲ. ನನ್ನದು ಹೊಂದಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮುಗಿದ ಮೇಲೆ ಕೊನೆಗೆ ಒಬ್ಬ ಡಾಕ್ಟರು ನನ್ನೊಬ್ಬನನ್ನೇ ಕೋಣೆಗೆ ಕರೆದು ಬಾಗಿಲು ಹಾಕಿದರು. "ಯಾರ ಬಲವಂತವೂ ಇಲ್ಲ ತಾನೇ? ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿ. ಕಾರಣ ನಾವು ಯಾರಿಗೂ ಹೇಳಲ್ಲ" ಎಂದರು. ನನಗೆ ಆಗ ನಲವತ್ತೊಂದು. ಚಿಕ್ಕ ಮಗಳಿಗೆ ಎರಡು ವರ್ಷ. ಮೂರು ರಾತ್ರಿಯಿಂದ ಹೊಟ್ಟೆ ಸೀಳಿದಂತೆ ಕನಸು ಬೀಳುತ್ತಿತ್ತು. "ನನ್ನ ಕೈಲಾಗಲ್ಲ ಸಾರ್" ಎಂದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಹೊರಗೆ ಬಂದು ಅಕ್ಕ, ಭಾವನಿಗೆ "ಇವರದು ತಗೊಳ್ಳೋಕಾಗಲ್ಲ, ಸರಿಹೋಗ್ತಿಲ್ಲ" ಎಂದಷ್ಟೇ ಹೇಳಿದರು.

ನನ್ನ ಆರೋಗ್ಯದಲ್ಲೇ ಏನೋ ಐಬಿದೆ ಎಂದು ಊರೆಲ್ಲ ನಂಬಿತು. ಅಮ್ಮ ಎಲ್ಲರಿಗಿಂತ ಹೆಚ್ಚು ನಂಬಿದಳು. ಸಾಯುತ್ತಿದ್ದ ಮಗಳಿಗೆ ಹರಕೆ ಹೊತ್ತ ದೇವರಿಗೇ ನನಗೂ ಒಂದು ಹರಕೆ ಹೊತ್ತಳು. ನಾನು ಸುಮ್ಮನಿದ್ದೆ. ಅಕ್ಕ ಇನ್ನು ಹನ್ನೊಂದು ತಿಂಗಳು ಬದುಕಿದಳು.

ಅವಳು ಹೋದ ಮರುವರ್ಷ, ಸಂಕ್ರಾಂತಿ ಕಳೆದ ಮೇಲೆ, ಭಾವ ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಡೈರಿಗೆ ಬಂದರು. ಕೈಯಲ್ಲಿ ಒಂದು ಪಾಂಪ್ಲೆಟ್. ಶ್ರೀನಿವಾಸಪುರದ ಆಸ್ಪತ್ರೆಗೆ ಡಯಾಲಿಸಿಸ್ ಮಿಷನ್ ಕೊಡಿಸಲು ನಾಲ್ಕು ದಿನದ ಸೈಕಲ್ ಜಾಥಾ, ಮಾಲೂರಿನಿಂದ ರಾಯಲ್ಪಾಡಿನವರೆಗೆ.

"ನಾನು ಹೆಸರು ಕೊಟ್ಟಿದೀನಿ. ನೀನೂ ಬಾ."

"ಭಾವ, ಸೈಕಲ್ ಮುಟ್ಟಿ ಹದಿನೈದು ವರ್ಷ ಆಯ್ತು. ನೀವೂ ಇಂಥದ್ದಕ್ಕೆ ಯಾವತ್ತೂ ಹೋಗಿಲ್ಲ."

"ಹೋಗಿಲ್ಲ. ಅದಕ್ಕೇ ಒಬ್ಬನೇ ಹೋಗೋಕೆ ಒಂಥರಾ. ಬಾ."

ಇಲ್ಲ ಎನ್ನುವ ಯೋಗ್ಯತೆ ನನಗಿರಲಿಲ್ಲ. ಆದರೆ ಜಾಥಾದವರು ಡಾಕ್ಟರ ಸರ್ಟಿಫಿಕೇಟ್ ಕೇಳಿದ್ದರು. ಕೋಲಾರದ ಡಾಕ್ಟರು ನನ್ನ ರಕ್ತ, ಮೂತ್ರ, ಬಿ.ಪಿ. ಎಲ್ಲ ನೋಡಿ "ಯಾವ ತೊಂದರೆಯೂ ಇಲ್ಲ, ಪೂರ್ಣ ಆರೋಗ್ಯವಂತರು" ಎಂದು ಬರೆದುಕೊಟ್ಟರು. ಮಾಲೂರಿನಲ್ಲಿ ಹೆಸರು ಬರೆಸುವಾಗ ಭಾವ ನನ್ನ ಕಾಗದವನ್ನೂ ಇಸಿದುಕೊಂಡರು. ಕೊಡುವ ಮೊದಲು ಅದನ್ನು ಓದಿದರು. ಅವರು ನಿಧಾನಕ್ಕೆ ಓದುವವರು, ತುಟಿ ಅಲುಗುತ್ತದೆ. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ. ಓದಿ ಮುಗಿಸಿ ಮೇಜಿನ ಮೇಲಿಟ್ಟು "ಪದಪ್ಪಾ" ಎಂದರು.

ಸುಮಾರು ಅರವತ್ತು ಜನ ಇದ್ದೆವು. ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರದು ಒಂದೇ ಕೈಯಲ್ಲಿ ಎತ್ತಬಹುದಾದ ಸೈಕಲ್ಲುಗಳು, ಹೆಲ್ಮೆಟ್ಟು, ಕೈಗವಸು. ಭಾವನದು ಹಳೆಯ ಕರಿ ಸೈಕಲ್. ಸೀಟಿನ ಮೇಲೆ ಮಡಿಸಿ ಕಟ್ಟಿದ ಟವೆಲ್ಲು. ಜಾಥಾದ ಹಳದಿ ಟೀಶರ್ಟನ್ನು ತಮ್ಮ ಅಂಗಿಯ ಮೇಲೇ ಹಾಕಿಕೊಂಡಿದ್ದರು. ಮೊದಲ ದಿನ ಕೋಲಾರ ಸೇರುವಷ್ಟರಲ್ಲಿ ನನ್ನ ತೊಡೆಗಳು ಕಲ್ಲಾಗಿದ್ದವು, ಕೂರಲೂ ಆಗುತ್ತಿರಲಿಲ್ಲ. ಒಂದು ಶಾಲೆಯಲ್ಲಿ ಜಮಖಾನೆ ಹಾಸಿ ಮಲಗಿಸಿದರು. ಭಾವ ಅಡುಗೆಯವರ ಹತ್ತಿರ ಹೋಗಿ ಎಳ್ಳೆಣ್ಣೆ ತಂದು ನನ್ನ ಮುಂದಿಟ್ಟರು. ತಿಕ್ಕಿಕೋ ಎಂದೂ ಹೇಳಲಿಲ್ಲ.

ಎರಡನೆಯ ದಿನ ಮುಳಬಾಗಿಲು ದಾಟಿ ನಂಗಲಿಗೆ ಹೋದೆವು. ಹೆದ್ದಾರಿಯಲ್ಲಿ ಲಾರಿಗಳು ಪಕ್ಕಕ್ಕೆ ಬಂದಾಗಲೆಲ್ಲ ಗಾಳಿಗೆ ಸೈಕಲ್ ವಾಲುತ್ತಿತ್ತು. ಭಾವ ರಸ್ತೆಯ ಕಡೆಗೆ ಬಂದು, ನನ್ನನ್ನು ಅಂಚಿಗೆ ಹಾಕಿಕೊಂಡು ತುಳಿದರು. ನಂಗಲಿಯ ಟೀ ಅಂಗಡಿಯ ಮುಂದೆ ಲಾರಿ ಡ್ರೈವರುಗಳು ಸೇರಿದ್ದರು. ಜಾಥಾದವರು ಭಾವನನ್ನೇ ಮಾತಾಡಲು ನಿಲ್ಲಿಸಿದರು.

"ನನಗೆ ಭಾಷಣ ಬರಲ್ಲ" ಎಂದು ಭಾವ ಕೈಯಲ್ಲಿದ್ದ ಟೀ ಲೋಟ ಎತ್ತಿ ತೋರಿಸಿದರು. "ನನ್ನ ಹೆಂಡ್ತಿ ದಿನಕ್ಕೆ ಇಂಥವು ಆರೇ ಲೋಟ ನೀರು ಕುಡೀಬೇಕಿತ್ತು. ಮಾತ್ರೆ ನುಂಗೋದೂ ಅದ್ರಲ್ಲೇ, ಕಾಫಿನೂ ಅದ್ರಲ್ಲೇ. ಬೇಸಿಗೇಲೂ ಅಷ್ಟೇ. ಬಾಯಿ ಒಣಗಿದ್ರೆ ಒದ್ದೆಬಟ್ಟೆ ತುಟಿಗೆ ಒತ್ಕೋತಿದ್ಳು. ಮಿಷನ್ ಹತ್ರ ಇದ್ದಿದ್ರೆ ಬಸ್ಸಲ್ಲಿ ಆ ಪಾಡು ಇರ್ತಿರಲಿಲ್ಲ. ಅಷ್ಟೇ."

ಡ್ರೈವರುಗಳು ಲೋಟ ಹಿಡಿದುಕೊಂಡೇ ನಿಂತಿದ್ದರು. ನಾನು ಅಲ್ಲಿಂದ ಎದ್ದುಹೋದೆ.

ಮೂರನೆಯ ದಿನ ಮುಳಬಾಗಿಲಿಗೆ ಹಿಂತಿರುಗಿ ಶ್ರೀನಿವಾಸಪುರದ ರಸ್ತೆ ಹಿಡಿದೆವು. ಎರಡೂ ಕಡೆ ಮಾವಿನ ತೋಪುಗಳು ಹೂಬಿಟ್ಟಿದ್ದವು. ಒಂದು ಏರಿನಲ್ಲಿ ನನ್ನ ಕಾಲು ಸೆಳೆದುಕೊಂಡಿತು. ಇಳಿದು ನಿಂತೆ. ಭಾವನೂ ಇಳಿದರು. ಉಳಿದವರು ಮುಂದೆ ಹೋದರು. ಹೊಂಗೆಮರದ ಕೆಳಗೆ ಕೂತಾಗ ಬಾಯಿಗೆ ಬಂದೇಬಿಟ್ಟಿತು.

"ಭಾವ, ನನಗೇನೂ ಆಗಿರಲಿಲ್ಲ. ನಾನೇ ಆಗಲ್ಲ ಅಂದೆ. ಆ ಡಾಕ್ಟರ ಹತ್ರ."

ಭಾವ ಸೈಕಲ್ಲಿನ ಚೈನು ನೋಡುತ್ತಿದ್ದರು. "ಗೊತ್ತು" ಎಂದರು.

"ಸರ್ಟಿಫಿಕೇಟ್ ನೋಡಿ ಗೊತ್ತಾಯ್ತಾ?"

"ಅಲ್ಲ. ಅವತ್ತೇ. ನೀನು ಆ ರೂಮಿಂದ ಆಚೆ ಬಂದೋನೇ ಬಾಟ್ಲಿ ಎತ್ತಿ ನೀರು ಕುಡಿದೆ. ಪೂರ್ತಿ ಬಾಟ್ಲಿ, ಅವಳ ಎದುರಿಗೇ. ಮೂರು ವರ್ಷದಲ್ಲಿ ಒಂದು ದಿನ ನೀನು ಹಂಗೆ ಕುಡಿದೋನಲ್ಲ. ಬಸ್ಸಲ್ಲಿ ಅವಳೇ ಹೇಳಿದ್ಳು. 'ಅವನಿಗೆ ಭಯ ಆಗೈತೆ, ಬಿಟ್ಬಿಡಿ. ಯಾವತ್ತೂ ಕೇಳ್ಬೇಡಿ' ಅಂದ್ಳು. ನಾನು ಕೇಳ್ಲಿಲ್ಲ."

ನೀರು ಕುಡಿದದ್ದು ನನಗೆ ನೆನಪೇ ಇರಲಿಲ್ಲ. ಅಕ್ಕ ಆಮೇಲೆ ಹನ್ನೊಂದು ತಿಂಗಳು ನನ್ನನ್ನು ನೋಡಿ ನಕ್ಕಿದ್ದಳು, ಮಗಳಿಗೆ ಜಡೆ ಹಾಕಿದ್ದಳು, ನನಗೆ ಹುಳಿ ಇಷ್ಟವೆಂದು ಎತ್ತಿಟ್ಟಿದ್ದಳು. ಎಲ್ಲ ತಿಳಿದೇ. ನಾನು ಮುಖ ಮುಚ್ಚಿಕೊಂಡು ಅತ್ತೆ. ಭಾವ ಬೆನ್ನು ಸವರಲಿಲ್ಲ.

"ನನ್ನ ಕ್ಷಮಿಸಿಬಿಡಿ ಭಾವ."

"ಸುಳ್ಳು ಹೇಳಲ್ಲಪ್ಪ, ಅದು ನನ್ನ ಕೈಲಿ ಆಗಿಲ್ಲ. ಪ್ರಯತ್ನ ಮಾಡ್ದೆ. ಆಗ್ಲಿಲ್ಲ. ನಿನ್ನ ಕಿಡ್ನಿ, ನಿನ್ನಿಷ್ಟ, ಅದೂ ನನಗೆ ಗೊತ್ತು. ಆದ್ರೂ ಆಗ್ಲಿಲ್ಲ." ಎದ್ದು ಸೈಕಲ್ ಹಿಡಿದು ಹೇಳಿದರು: "ಆದ್ರೆ ನಿಮ್ಮಮ್ಮನಿಗೆ ಹೇಳು. ಆ ಯಮ್ಮ ಮಗಳನ್ನ ಕಳ್ಕೊಂಡು, ನಿನ್ನೂ ಕಳ್ಕೋತೀನಿ ಅಂತ ದಿನಾ ಸಾಯ್ತಾ ಐತೆ. ಅದು ತಪ್ಪು ಕಣಯ್ಯಾ."

"ಹೇಳ್ತೀನಿ."

"ಪದಪ್ಪಾ, ಪೋದಾಂ."

ಏರು ಮುಗಿಯುವವರೆಗೆ ನನ್ನ ಸೈಕಲ್ಲನ್ನೂ ಅವರೇ ತಳ್ಳಿದರು.

ನಾಲ್ಕನೆಯ ದಿನ ರಾಯಲ್ಪಾಡಿನಲ್ಲಿ ಜಾಥಾ ಮುಗಿಯಿತು. ಅಲ್ಲಿ ಅವರು ತೆಲುಗಿನಲ್ಲಿ ಒಂದೇ ಸಾಲು ಹೇಳಿದರು. "ಮಾ ಇಂಟ್ಲೋ ಒಕ ಮನಿಷಿ ಪೋಯಿಂದಿ." ನಮ್ಮ ಮನೆಯಲ್ಲಿ ಒಬ್ಬರು ಹೋದರು. ಅಷ್ಟಕ್ಕೇ ಅಳು ಬಂತು. ಅವರನ್ನು ಚಿಕ್ಕಂದಿನಿಂದ ಕಂಡಿದ್ದ ಮುದುಕಿಯೊಬ್ಬಳು ಬಂದು ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದಳು. ಇಪ್ಪತ್ತು ವರ್ಷದಲ್ಲಿ ಭಾವ ಅತ್ತದ್ದನ್ನು ನಾನು ನೋಡಿದ್ದು ಅಂದೇ. ಅಕ್ಕನ ಮಣ್ಣಿನ ದಿನವೂ ಅವರು ಅತ್ತಿರಲಿಲ್ಲ.

ಆಮೇಲೆ ಎರಡು ವರ್ಷ ಬದುಕಿದರು. ಗೂಡು ಬೇಯಿಸುವ ಶೆಡ್ಡಿನ ಹಬೆ, ಹೊಗೆ ಶ್ವಾಸಕೋಶವನ್ನು ತಿಂದುಹಾಕಿತ್ತು. ಕೊನೆಗೆ ಆಕ್ಸಿಜನ್ ಇಲ್ಲದೆ ನಾಲ್ಕು ಹೆಜ್ಜೆ ಇಡಲಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಾನೇ ಇದ್ದೆ. ಒಂದು ಮಧ್ಯಾಹ್ನ ಮಾಸ್ಕು ಸರಿಸಿ "ಹೇಳಿದ್ಯಾ?" ಎಂದರು.

ಏನೆಂದು ಕೇಳಬೇಕಾಗಿರಲಿಲ್ಲ. "ಇಲ್ಲ ಭಾವ" ಎಂದೆ.

ಅವರು ಮಾಸ್ಕು ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. ಮೂರನೆಯ ದಿನ ತೀರಿಕೊಂಡರು. ಆ ಮೂರು ದಿನ ಬೇರೆ ಮಾತೇ ಆಡಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಅಮ್ಮ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಅವಳೆದುರು ಕೂತು ಎಲ್ಲ ಹೇಳಿದೆ. ಆ ಕೋಣೆಯಿಂದ ಹಿಡಿದು ಹೊಂಗೆಮರದವರೆಗೆ.

ಅಮ್ಮ ಕೇಳಿದ್ದು ಎರಡೇ. "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ನಿಮ್ಮ ಭಾವನಿಗೆ?"

"ಗೊತ್ತಿತ್ತು."

"ಹಂಗಾದ್ರೆ ನನಗೊಬ್ಬಳಿಗೇ ಗೊತ್ತಿರಲಿಲ್ಲ" ಎಂದಳು. ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದಾಗಿ ಆರು ತಿಂಗಳಾಯಿತು. ಅಮ್ಮ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ನನಗಾಗಿ ಹೆದರುವುದನ್ನು ಬಿಟ್ಟಿದ್ದಾಳೆ. ರಾತ್ರಿ ನಿದ್ದೆ ಮಾಡುತ್ತಾಳೆ. ಭಾವ ಕೇಳಿದ್ದು ಅಷ್ಟೇ. ಅವರು ಕಣ್ಣು ಮುಚ್ಚುವ ಮೊದಲು ಒಮ್ಮೆ "ಹೇಳಿದೆ ಭಾವ" ಎನ್ನಬಹುದಿತ್ತು. ಎರಡು ವರ್ಷ ನನಗೆ ಸಮಯವಿತ್ತು.